ಕಣ್ಣಿಗೊತ್ತಿಕೊಳ್ಳುವ ಲೆಫ್ಟ್ ಬ್ಯಾಕ್

ಅವನು ತೀರಿಕೊಂಡ ಸುದ್ದಿ ನಮ್ಮ ಬೆಳಗಿನ ವಾಕಿಂಗ್ ಗುಂಪಿನ ವಾಟ್ಸಾಪಿನಲ್ಲಿ ಬಂತು. ಒಂದು ಫೋಟೊ, ಕೆಳಗೆ ಹೆಸರು, ಅಂತ್ಯಕ್ರಿಯೆಯ ಸಮಯ. ‘ಸಜ್ಜನರು, ಮಿತಭಾಷಿಗಳು’ ಎಂದು ಯಾರೋ ಸೇರಿಸಿದ್ದರು. ಎರಡೂ ನಿಜ. ಆದರೆ ಅವನು ಫುಟ್‌ಬಾಲ್ ಆಡುತ್ತಿದ್ದ ಎಂದು ಯಾರೂ ಬರೆದಿರಲಿಲ್ಲ. ಬರೆಯಬಹುದಾಗಿದ್ದವರಲ್ಲಿ ಬದುಕಿರುವವನು ಬಹುಶಃ ನಾನೊಬ್ಬನೇ. ಆದ್ದರಿಂದ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ತನ್ನ ಹೆಸರು ಪತ್ರಿಕೆಯಲ್ಲಿ ಬರುವುದು ಅವನಿಗೆ ಇಷ್ಟವಿರಲಿಲ್ಲ. ಬಂದೂ ಇರಲಿಲ್ಲ.

ಮೊದಲು ನನ್ನ ವಿಷಯ ಮುಗಿಸುತ್ತೇನೆ. ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ರಜೆಯ ದಿನಗಳಲ್ಲಿ ಸುತ್ತಲಿನ ಊರುಗಳ ಫುಟ್‌ಬಾಲ್ ಮ್ಯಾಚುಗಳಿಗೆ ರೆಫರಿಯಾಗಿ ಹೋಗುತ್ತಿದ್ದೆ. ಅವನು ನನಗಿಂತ ಕೆಲವು ವರ್ಷ ಚಿಕ್ಕವನು. ಮೈದಾನದಲ್ಲಿ ಅವನನ್ನು ಅತ್ಯಂತ ಹತ್ತಿರದಿಂದ ನೋಡಿದವನು ನಾನು, ಏಕೆಂದರೆ ಅಲ್ಲಿರುವುದೇ ನನ್ನ ಕೆಲಸವಾಗಿತ್ತು.

ಅವನು ಲೆಫ್ಟ್ ಬ್ಯಾಕ್. ಎದುರು ಪಕ್ಷದ ರೈಟ್ ವಿಂಗಿನವನು ಚೆಂಡು ತೆಗೆದುಕೊಂಡು ಓಡಿ ಬಂದರೆ ತನ್ನನ್ನು ದಾಟಿ ಹೋಗಲು ಬಿಡದಿರುವುದು ಇವನ ಕೆಲಸ. ಆಡಿದ್ದೆಲ್ಲ ಎರಡನೆಯ ದರ್ಜೆಯ ಮ್ಯಾಚುಗಳು. ಮೊದಲು ನಮ್ಮ ಸ್ಕೂಲು, ಆಮೇಲೆ ಅರಸೀಕೆರೆ ಟೌನ್ ಟೀಮು, ನಡುವೆ ಒಂದು ಬೇಸಿಗೆ ಹಳೇಬೀಡಿನವರಿಗೆ ಆಳು ಕಡಿಮೆಯಾದಾಗ ಅಲ್ಲಿಗೆ. ಆ ಕಾಲದ ಟೀಮುಗಳಲ್ಲಿ ಸಂಬಳವೂ ಇರಲಿಲ್ಲ, ಒಪ್ಪಂದವೂ ಇರಲಿಲ್ಲ. ಮಧ್ಯಾಹ್ನದ ಊಟ ಯಾರು ಹಾಕುತ್ತಾರೋ ಅವರ ಕಡೆ ಆಡಬೇಕು ಎಂಬುದಷ್ಟೇ ನಿಯಮ. ಕೊನೆಗೆ ಎಲ್ಲಿ ಹೋಗಿ ಸೇರಿದ ಎಂಬುದು ಮುಂದೆ ಬರುತ್ತದೆ.

ಅವನ ತಂದೆ ಹಳೇಬೀಡಿನ ಕಡೆಯ ಒಂದು ಹಳ್ಳಿಯ ದೇವಸ್ಥಾನದಲ್ಲಿ ಪರಿಚಾರಕರು. ನೀರು ತರುವುದು, ಗಂಧ ತೇಯುವುದು, ನೈವೇದ್ಯಕ್ಕೆ ಪಾತ್ರೆ ಬೆಳಗುವುದು ಅವರ ಕೆಲಸ. ಅಂಥ ಮನೆಯ ಹುಡುಗ ಓದಲು ಅರಸೀಕೆರೆಯ ಸೋದರಮಾವನ ಮನೆಗೆ ಬಂದ. ಓದು ಸಾಧಾರಣವಾಗಿ ಹತ್ತಿತು, ಫುಟ್‌ಬಾಲ್ ಪೂರ್ತಿ ಹತ್ತಿತು. ಊರಿಗೆ ಸುದ್ದಿ ಹೋಯಿತು. ಸಮಾಧಾನ ಹೇಳಲು ನಾನೇ ಒಂದು ಭಾನುವಾರ ಅವನ ಜೊತೆ ಬಸ್ಸು ಹತ್ತಿದೆ. ತಂದೆ ದೇವಸ್ಥಾನದಲ್ಲಿದ್ದರು. ತಾಯಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು.

“ಕಾಲಲ್ಲಿ ಒದಿಯೋ ಆಟವಂತೆ. ಕೈಯಿಲ್ವೇನೋ ನಿಂಗೆ?” ಎಂದರು ಮಗನಿಗೆ.

“ಕೈಯಲ್ಲಿ ಮುಟ್ಟಿದ್ರೆ ತಪ್ಪಮ್ಮಾ.”

“ಒದ್ರೆ ತಪ್ಪಲ್ಲ, ಮುಟ್ಟಿದ್ರೆ ತಪ್ಪು! ಯಾವ ಶಾಸ್ತ್ರವೋ ಇದು? ನೀವಾದ್ರೂ ಹೇಳಿ ಮೇಷ್ಟ್ರೇ.”

ನಾನು ರೆಫರಿ. ನಿಯಮವನ್ನು ವಿವರಿಸಿದೆ. ಗೋಲು ಕಾಯುವವನೊಬ್ಬ ಮಾತ್ರ ಕೈಯಲ್ಲಿ ಮುಟ್ಟಬಹುದು ಎಂದೆ. “ಹಾಗಿದ್ರೆ ಅವನೊಬ್ಬನೇ ಮಡಿವಂತ ಅನ್ನಿ” ಎಂದು ಆಕೆ ಹಪ್ಪಳ ತಿರುವಿ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಮಗನನ್ನು ಕರೆದು ಹೇಳಿದರು: “ಆಡ್ಕೋ ಹೋಗು. ಆದ್ರೆ ಆ ಚರ್ಮದ ಷೂ ಒಳಗೆ ತರಕೂಡದು. ಯಾರಿಗಾದ್ರೂ ಕಾಲು ತಗುಲಿದ್ರೆ ಮುಟ್ಟಿ ಕಣ್ಣಿಗೊತ್ಕೋ. ಮರೀಬೇಡ.”

ನಮ್ಮಲ್ಲಿ ಎಲ್ಲ ತಾಯಂದಿರೂ ಮಕ್ಕಳಿಗೆ ಹೇಳುವ ಮಾತೇ ಇದು. ಮನುಷ್ಯರಿಗೆ, ಪುಸ್ತಕಕ್ಕೆ, ಕಾಳಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲರೂ ಮಾಡುತ್ತೇವೆ. ಆದರೆ ಫುಟ್‌ಬಾಲ್ ಮೈದಾನದಲ್ಲಿ ಮಾಡಿದವನನ್ನು ನಾನು ನೋಡಿದ್ದು ಅವನೊಬ್ಬನನ್ನೇ.

ವಿಂಗಿನವನು ಓಡಿ ಬರುತ್ತಿದ್ದ. ಇವನು ಅಡ್ಡ ಹೋಗಿ ಕಾಲು ಹಾಕುತ್ತಿದ್ದ. ಆ ಕಾಲು ಹಾಕುವುದರಲ್ಲಿ ಒಂದು ಅಚ್ಚುಕಟ್ಟಿತ್ತು. ಚೆಂಡಿಗೆ ಮೊದಲು ತಗುಲುತ್ತಿತ್ತು, ಆಮೇಲೆ ಮನುಷ್ಯನಿಗೆ. ಚೆಂಡು ಇವನ ಕಡೆ ಉಳಿಯುತ್ತಿತ್ತು, ಆ ಮನುಷ್ಯ ಹುಲ್ಲಿನ ಮೇಲಿರುತ್ತಿದ್ದ. ಅಷ್ಟರ ಮಟ್ಟಿಗೆ ಜಿಲ್ಲೆಯಲ್ಲಿ ಅವನಿಗೆ ಸಮನಾದ ಬ್ಯಾಕ್ ಇರಲಿಲ್ಲ. ಅದರ ಮರುಕ್ಷಣ ಇವನು ಬಗ್ಗಿ, ಬಿದ್ದವನ ಕಾಲು ಮುಟ್ಟಿ, ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಕಣ್ಣು ಬಿಡುವಷ್ಟರಲ್ಲಿ ಚೆಂಡು ಬೇರೆಯವರ ಹತ್ತಿರ ಇರುತ್ತಿತ್ತು.

ಟೌನ್ ಟೀಮಿನ ಕ್ಯಾಪ್ಟನ್ ರಂಗಪ್ಪ ರೈಲ್ವೆಯಲ್ಲಿ ಇಂಜಿನ್ ಡ್ರೈವರು. ಇಂಜಿನ್ನಿನ ಸದ್ದಿನ ನಡುವೆ ಮಾತಾಡಿ ಅವನ ಗಂಟಲು ದೊಡ್ಡದಾಗಿತ್ತು. “ಲೇ, ನೀನು ನಮಸ್ಕಾರ ಮಾಡ್ಕಂಡು ನಿಂತ್ರೆ ಚೆಂಡು ನಿಮ್ ತಾತ ತತ್ತಾನಾ?” ಎಂದು ಅವನು ಕೂಗಿದರೆ ಸ್ಟೇಷನ್ನಿನಲ್ಲಿ ಕೂತವರು ತಿರುಗಿ ನೋಡುತ್ತಿದ್ದರು.

ರಂಗಪ್ಪ ಒಂದು ಉಪಾಯವನ್ನೂ ಹೇಳಿದ. ಇವನು ಮ್ಯಾಚಿಗೆ ಮುಂಚೆ ಚೆಂಡನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ, ಆಮೇಲೆ ಎಷ್ಟು ಒದ್ದರೂ ಚೆಂಡಿಗೆ ಮತ್ತೆ ಕೈಮುಗಿಯುತ್ತಿರಲಿಲ್ಲ. “ಚೆಂಡಿಗೆ ಒಂದೇ ಸಲ ಸಗಟಾಗಿ ಮಾಡ್ತೀಯಲ್ಲ, ಎದುರು ಪಾರ್ಟಿಯೋರ್ಗೂ ಹಂಗೇ ಮೊದ್ಲೇ ಮಾಡ್ಬುಡು. ಹನ್ನೊಂದು ಜನಕ್ಕೂ ಸೇರಿಸಿ.”

ಅವನು ಯೋಚಿಸಿ ಹೇಳಿದ: “ಚೆಂಡಿನ ಮಾತು ಬೇರೆ, ಅದು ಇರೋದೇ ಒದೆಯೋಕೆ. ಮನುಷ್ಯರಿಗೆ ಮೊದಲೇ ಕ್ಷಮೆ ಕೇಳಿ ಆಮೇಲೆ ಒದ್ರೆ, ಬೇಕಂತಲೇ ಒದ್ದ ಹಾಗಾಗುತ್ತೆ.”

ರಂಗಪ್ಪ ನನ್ನ ಮುಖ ನೋಡಿದ. ನಾನು ಗಡಿಯಾರ ನೋಡಿಕೊಂಡೆ. ಆಟ ಶುರುವಾಗುವ ಹೊತ್ತಾಗಿತ್ತು.

ಎದುರು ಪಕ್ಷಗಳಿಂದ ನನಗೆ ದೂರುಗಳು ಬಂದಿದ್ದವು. ಬೇಲೂರಿನ ಕ್ಯಾಪ್ಟನ್ ಒಮ್ಮೆ ಅರ್ಧ ಮೈದಾನ ದಾಟಿ ಬಂದು, “ಸಾರ್, ಇದನ್ನ ನಿಲ್ಲಿಸ್ಬೇಕು” ಎಂದ.

“ಏನನ್ನ?”

“ಒದ್ದು ಕೈ ಮುಗೀತಾನೆ ಸಾರ್. ನಮ್ಮ ಹುಡುಗ್ರಿಗೆ ಕೋಪ ಮಾಡ್ಕೊಳ್ಳೋಕೇ ಆಗ್ತಿಲ್ಲ. ಕೋಪ ಇಲ್ದೆ ಹೆಂಗ್ ಸಾರ್ ಆಡೋದು?”

ಮನೆಗೆ ಹೋಗಿ ನಿಯಮಪುಸ್ತಕ ತೆಗೆದು ನೋಡಿದೆ. ಎದುರಾಳಿಯನ್ನು ತಳ್ಳುವುದು, ಹಿಡಿಯುವುದು, ಎಳೆಯುವುದು, ಅವನ ಮೇಲೆ ಹಾರುವುದು, ಎಲ್ಲಕ್ಕೂ ಶಿಕ್ಷೆಯಿದೆ. ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದರ ಬಗ್ಗೆ ಒಂದು ಮಾತೂ ಇಲ್ಲ. ಬೇಲೂರಿನವರಿಗೆ ಹಾಗೆಂದು ತಿಳಿಸಿದೆ.

ಅರೇಹಳ್ಳಿಯಲ್ಲಿ ಕಾಫಿ ತೋಟದವರ ಒಂದು ಟೀಮಿತ್ತು. ಅವರ ಮೈದಾನ ಇಳಿಜಾರಿನಲ್ಲಿತ್ತು. ಒಂದು ಗೋಲು ಇನ್ನೊಂದಕ್ಕಿಂತ ಎತ್ತರ. ಅರ್ಧ ಆಟ ಹತ್ತುವುದು, ಅರ್ಧ ಆಟ ಇಳಿಯುವುದು. ಅವರ ರೈಟ್ ವಿಂಗಿನಲ್ಲಿ ವಿನ್ಸೆಂಟ್ ಎಂಬ, ತೋಟದ ಲೆಕ್ಕ ಬರೆಯುವ ರೈಟರ್ ಆಡುತ್ತಿದ್ದ. ಬಹಳ ಮರ್ಯಾದಸ್ಥ. ಇವನು ಮೊದಲ ಸಲ ಅವನನ್ನು ಕೆಡವಿ ಕಾಲು ಮುಟ್ಟಿದಾಗ ವಿನ್ಸೆಂಟ್ ಗಾಬರಿಯಾಗಿ, “ಅಯ್ಯೋ, ನೀವು ದೊಡ್ಡವರು, ಹಂಗೆಲ್ಲ ಮಾಡ್ಬಾರ್ದು” ಎಂದು ತಿರುಗಿ ಇವನ ಕಾಲು ಮುಟ್ಟಿದ. ಇವನು ದೊಡ್ಡವನೇನಲ್ಲ, ಇಬ್ಬರೂ ಒಂದೇ ವಯಸ್ಸಿನವರು. ಕಾಲು ಮುಟ್ಟಿಸಿಕೊಂಡ ಪಾಪಕ್ಕೆ ಇವನು ಮತ್ತೆ ಬಗ್ಗಿದ. ಅಷ್ಟರಲ್ಲಿ ಚೆಂಡು ತಾನಾಗಿ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ಎರಡೂ ಪಕ್ಷದವರು ಈ ಇಬ್ಬರನ್ನು ನೋಡುತ್ತ ನಿಂತಿದ್ದರಿಂದ ಅದನ್ನು ಯಾರೂ ತಡೆಯಲಿಲ್ಲ. ಅದು ಅರಸೀಕೆರೆಯವರ ಗೋಲಿನ ಒಳಗೆ ಹೋಗಿ ನಿಂತಿತು. ಕೊನೆಯಲ್ಲಿ ಅದಕ್ಕೆ ಕಾಲು ತಗುಲಿದ್ದು ವಿನ್ಸೆಂಟನದು. ಗೋಲು ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ರಂಗಪ್ಪ ಅವನ ಪಕ್ಕ ಕೂರಲಿಲ್ಲ.

ಆಟದಲ್ಲಿ ಅವನು ಸ್ವತಃ ಹೊಡೆದದ್ದು, ನನಗೆ ನೆನಪಿರುವಂತೆ, ಒಂದೇ ಗೋಲು. ಬಾಣಾವರದ ಮೇಲೆ. ಮಧ್ಯದ ಗೆರೆಯಿಂದ ಸುಮ್ಮನೆ ದೂರ ಕಳಿಸೋಣ ಎಂದು ಒದ್ದದ್ದು ಗಾಳಿಗೆ ತೇಲಿ ಹೋಗಿ ಅವರ ಗೋಲು ಕಾಯುವವನ ಎದೆಗೆ ಬಡಿದು ಒಳಗೆ ಬಿತ್ತು. ಜೊತೆಯವರು ಅವನನ್ನು ಎತ್ತಲು ಓಡಿ ಬಂದರು. ಅವನು ಅಲ್ಲಿರಲಿಲ್ಲ. ಗೋಲು ಕಾಯುವವನ ಹತ್ತಿರ ಹೋಗುತ್ತಿದ್ದ. ಚೆಂಡು ತಾನೇ ತಗುಲಿದ್ದು, ಕಾಲಲ್ಲವಲ್ಲ ಎಂದು ಆಮೇಲೆ ಕೇಳಿದೆ. “ನನ್ನ ಕಾಲಿಂದಲೇ ಹೋದದ್ದು ತಾನೆ ಮೇಷ್ಟ್ರೇ?” ಎಂದ.

ಇದೆಲ್ಲ ವಯಸ್ಸಾದ ಮೇಲೆ ಬಿಟ್ಟುಹೋಯಿತು ಎಂದುಕೊಳ್ಳಬೇಡಿ. ಈಚೆಗೆ, ಎರಡು ವರ್ಷದ ಹಿಂದಿರಬಹುದು, ಬೇಲೂರಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ತರುಣ ಎದುರು ಸೀಟಿನಲ್ಲಿದ್ದ. ಬಸ್ಸು ಕುಲುಕಿ ಇವನ ಕಾಲು ಅವನಿಗೆ ತಗುಲಿತು. ಇವನು ಮಂಡಿನೋವಿನಲ್ಲೇ ಬಗ್ಗಿದ. ತರುಣ ಏನೋ ಬಿದ್ದುಹೋಗಿದೆ ಎಂದುಕೊಂಡು ತಾನೂ ಬಗ್ಗಿ ಸೀಟಿನ ಕೆಳಗೆ ಹುಡುಕಿದ. ಇಬ್ಬರ ತಲೆಯೂ ಡಿಕ್ಕಿಯಾಯಿತು. “ಸಾರಿ ಅಂಕಲ್, ಏನ್ ಬಿತ್ತು?” ಎಂದು ಕೇಳಿದ. “ಏನಿಲ್ಲಪ್ಪ, ಸಿಕ್ತು” ಎಂದು ಇವನು ನೆಟ್ಟಗೆ ಕೂತ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಆಗ ಅವನಿಗೆ ಮದುವೆಯ ವಯಸ್ಸು. ಕೊಬ್ಬರಿ ಮಂಡಿಯಲ್ಲಿ ತೂಕ ಮಾಡುವ ಕೆಲಸ. ಅದು ಹರಾಜು ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. ಬೇಲೂರಿನ ಒಂದು ಮನೆಯಲ್ಲಿ ಹೆಣ್ಣು ನೋಡಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗಿಯ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರು ಹೇಳಿದ್ದು ಒಂದೇ ಮಾತು: “ಹುಡುಗನ ಮೇಲೆ ದೂರೇನೂ ಇಲ್ಲ. ಕೆಲಸ ಕಾಯಂ ಆಗ್ಲಿ, ಆಮೇಲೆ ಲಗ್ನದ ಮಾತು.” ಎಷ್ಟು ದಿನ ಕಾಯುತ್ತಾರೆ ಎಂದು ಅವರು ಹೇಳಿರಲಿಲ್ಲ. ಬೇರೆ ಕಡೆಯಿಂದಲೂ ಜಾತಕ ಬರುತ್ತಿವೆ ಎಂದು ಮಾತ್ರ ಹೇಳಿದ್ದರು.

ಅದೇ ಹೊತ್ತಿಗೆ ರೈಲ್ವೆಯವರು ಆಟಗಾರರ ಕೋಟಾದಲ್ಲಿ ಕೆಲವರನ್ನು ತೆಗೆದುಕೊಳ್ಳುತ್ತಾರೆ ಎಂದು ರಂಗಪ್ಪ ಸುದ್ದಿ ತಂದ. ಆಟ ಚೆನ್ನಾಗಿದ್ದರೆ ಕೆಲಸ, ಅದೂ ಕಾಯಂ. ಆಯ್ಕೆಯ ಮ್ಯಾಚು ಅರಸೀಕೆರೆಯ ಮೈದಾನದಲ್ಲೇ. ಉಮೇದುವಾರರನ್ನು ಎರಡು ಪಕ್ಷ ಮಾಡಿ ಆಡಿಸುತ್ತಾರೆ. ರೆಫರಿ ನಾನು.

ರಂಗಪ್ಪ ವಾರವಿಡೀ ಅವನ ಹಿಂದೆ ಬಿದ್ದ. “ನೋಡ್ಲಾ, ಇದು ಅರೇಹಳ್ಳಿ ಅಲ್ಲ. ಒಂದ್ ದಿನ, ಒಂದೇ ದಿನ ಕೈ ಕಟ್ಕೊಂಡಿರು. ಆಮೇಲೆ ಜೀವಮಾನ ಪೂರ್ತಿ ಊರೋರ ಕಾಲೆಲ್ಲ ಹಿಡ್ಕೊ, ನಾನು ಕೇಳಾಕಿಲ್ಲ.”

“ನನಗೆ ಗೊತ್ತಾಗೋ ಮೊದಲೇ ಕೈ ಹೋಗಿರುತ್ತೆ ರಂಗಪ್ಪಾ.”

“ಹೋಗ್ದಂಗೆ ಮಾಡಾನ.”

ಮ್ಯಾಚಿನ ದಿನ ರಂಗಪ್ಪ ಎರಡು ಕರವಸ್ತ್ರ ತಂದು ಅವನ ಎರಡೂ ಮುಷ್ಟಿಗೆ ತುರುಕಿದ. “ಬಿಡಬ್ಯಾಡ. ಮುಷ್ಟಿ ಬಿಚ್ಚಿದ್ರೆ ನಿನ್ ಮದ್ವೆ ಕೆಳಗೆ ಬಿದ್ದಂಗೆ ಅಂತ ತಿಳ್ಕೊ.” ಗೆರೆಯ ಆಚೆ, ಕೊಡೆ ಊರಿಕೊಂಡು, ಬೇಲೂರಿನ ಗುಮಾಸ್ತರು ನಿಂತಿದ್ದರು. ಚೆಂಡು ಒದೆಯುವವರಿಗೆ ಸರ್ಕಾರ ಕೆಲಸ ಕೊಡುತ್ತದೆ ಎಂಬುದನ್ನು ಕಣ್ಣಾರೆ ನೋಡಲು ರಜೆ ಹಾಕಿ ಬಂದಿದ್ದರು.

ಎದುರು ಪಕ್ಷದ ರೈಟ್ ವಿಂಗಿನಲ್ಲಿ ಮೈಸೂರಿನ ಕಡೆಯ ಒಬ್ಬ ಹುಡುಗ. ಗಾಳಿಯ ಹಾಗೆ ಓಡುತ್ತಿದ್ದ. ಮೊದಲ ಸಲ ಬಂದ. ಇವನು ಅಡ್ಡ ಹೋದ, ಕಾಲು ಎತ್ತಿದ, ಅಲ್ಲೇ ನಿಲ್ಲಿಸಿದ. ಹುಡುಗ ದಾಟಿ ಹೋಗಿ ಗೋಲು ಹೊಡೆದ. ಎರಡನೆಯ ಸಲವೂ ಹಾಗೇ. ಇವನು ಮುಷ್ಟಿ ಬಿಗಿ ಹಿಡಿದುಕೊಂಡು, ಮಡಿಯಲ್ಲಿದ್ದವನ ಹಾಗೆ, ಹುಡುಗನಿಗೆ ದಾರಿ ಬಿಟ್ಟು ಪಕ್ಕದಲ್ಲೇ ಓಡುತ್ತಿದ್ದ. ಕಣ್ಣಿಗೊತ್ತಿಕೊಳ್ಳಲಿಲ್ಲ, ನಿಜ. ಒತ್ತಿಕೊಳ್ಳುವಂಥದ್ದು ಏನನ್ನೂ ಮಾಡಲಿಲ್ಲ. ಆಯ್ಕೆಗೆ ಬಂದಿದ್ದ ಅಧಿಕಾರಿ ಕುರ್ಚಿಯಲ್ಲಿ ಕೂತು ಬೇರೆ ಕಡೆ ನೋಡತೊಡಗಿದರು.

ಅರ್ಧ ಆಟ ಮುಗಿಯಿತು. ರೆಫರಿಯಾದವನು ಆಟಗಾರರ ಜೊತೆ ಮಾತಾಡಬಾರದು. ನಾನು ಮಾತಾಡಲಿಲ್ಲ. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದೆ. ಅವನೂ ರಂಗಪ್ಪನೂ ಅಲ್ಲಿಗೆ ಬಂದರು.

“ಏನ್ಲಾ ನಿಂಗೆ ಬಂದಿರೋದು? ಹಾಕ್ಲಾ ಕಾಲು!”

ಅವನು ಕರವಸ್ತ್ರ ಎರಡನ್ನೂ ರಂಗಪ್ಪನ ಕೈಗೆ ವಾಪಸು ಇಟ್ಟ. ಬೆವರಿಗೆ ಮುದ್ದೆಯಾಗಿದ್ದವು. “ಕ್ಷಮೆ ಕೇಳೋ ಹಾಗಿಲ್ಲ ಅಂದ್ರೆ ನನಗೆ ಒದೆಯೋಕೇ ಬರಲ್ಲ ಕಣಪ್ಪಾ.”

“ಹಂಗಾರೆ ಆ ಹೆಣ್ಣು? ಆ ಕೆಲ್ಸ?”

“ಅದನ್ನೇ ಯೋಚ್ನೆ ಮಾಡ್ತಿದ್ದೆ.” ಮುಖಕ್ಕೆ ನೀರು ಹಾಕಿಕೊಂಡ. “ಚೆಂಡು ಗೆರೆ ಆಚೆ ಹೋದ್ ಮೇಲೆ ಮುಟ್ಟಿದ್ರೆ ನಿಮಗ್ಯಾರಿಗೂ ನಷ್ಟ ಇಲ್ಲ ತಾನೆ?”

ರಂಗಪ್ಪ ಕರವಸ್ತ್ರ ಎರಡನ್ನೂ ನೆಲಕ್ಕೆ ಹಾಕಿದ. “ಇದನ್ನ ಇಷ್ಟ್ ವರ್ಷದಿಂದ ಹೇಳಕ್ಕೇನಾಗಿತ್ಲಾ?”

“ಇಷ್ಟ್ ವರ್ಷ ಹೊಳೀಲಿಲ್ಲ.”

ಚೆಂಡು ಗೆರೆಯ ಆಚೆ ಹೋದರೆ ಆಟ ನಿಲ್ಲುತ್ತದೆ. ಯಾರಾದರೂ ತಂದು ಎಸೆಯುವವರೆಗೆ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಇದು ಮೊದಲ ದಿನ ಕಲಿಸುವ ನಿಯಮ. ಕಲಿಸಿದವನು ನಾನೇ.

ಉಳಿದರ್ಧದಲ್ಲಿ ಆ ಹುಡುಗ ಒಂದು ಸಲವೂ ಇವನನ್ನು ದಾಟಲಿಲ್ಲ. ಬಂದಾಗಲೆಲ್ಲ ಇವನ ಕಾಲು ಚೆಂಡನ್ನು ಗೆರೆಯಾಚೆ ಕಳಿಸಿತು. ಒಮ್ಮೆ ರಸ್ತೆಗೆ, ಒಮ್ಮೆ ಕಡಲೆಕಾಯಿ ಮಾರುವವಳ ಮಂಕರಿಗೆ, ಒಮ್ಮೆ ರೈಲುಹಳಿಯ ಕಡೆಗೆ. ಚೆಂಡು ತರಲು ಜನ ಓಡುತ್ತಿದ್ದರು. ಆ ಬಿಡುವಿನಲ್ಲಿ ಇವನು ಅವಸರವಿಲ್ಲದೆ ಬಗ್ಗಿ ಹುಡುಗನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದ. ಮೊದಮೊದಲು ಹುಡುಗ ಬೈದ. ಆಮೇಲೆ ನಕ್ಕ. ಆಟ ಮುಗಿಯುವ ಹೊತ್ತಿಗೆ ಬಿದ್ದ ಕೂಡಲೇ ತಾನಾಗಿಯೇ ಕಾಲು ಮುಂದಕ್ಕೆ ಚಾಚಿಕೊಂಡು, “ಬೇಗ ಮುಗ್ಸಿ ಸ್ವಾಮಿ” ಎನ್ನುತ್ತಿದ್ದ.

ಸಿಳ್ಳು ಊದಿ ಆಟ ಮುಗಿಸಿದೆ. ಅಧಿಕಾರಿ ನನ್ನನ್ನು ಕರೆದರು.

“ಆ ಲೆಫ್ಟ್ ಬ್ಯಾಕ್ ಎಷ್ಟು ಫೌಲ್ ಮಾಡಿದ್ರು?”

“ಒಂದೂ ಇಲ್ಲ ಸಾರ್.”

“ಮತ್ತೆ ಪ್ರತಿ ಸಲ ಯಾಕೆ ಕ್ಷಮೆ ಕೇಳಿದ್ದು?”

ಅದು ರೆಫರಿ ಉತ್ತರಿಸುವ ಪ್ರಶ್ನೆಯಲ್ಲ. ಅವನನ್ನೇ ಕರೆಸಿದೆ. ಅವನು ಕೈ ಒರೆಸಿಕೊಂಡು ನಿಂತು ಹೇಳಿದ: “ಫೌಲು ನೋಡ್ಕೊಳ್ಳೋಕೆ ಮೇಷ್ಟ್ರಿದಾರೆ ಸಾರ್. ಕಾಲು ತಾಗಿದ್ದು ನಾನೇ ನೋಡ್ಕೋಬೇಕು.”

ಅಧಿಕಾರಿ ಕುರ್ಚಿಯಿಂದ ಎದ್ದರು. ಮೊದಲ ಟೀಮಿಗೆ ಆಗುವುದಿಲ್ಲ, ಇಂಥ ಆಟಕ್ಕೆ ದಿನಕ್ಕೊಂದು ಹೊಸ ಚೆಂಡು ಬೇಕಾಗುತ್ತದೆ ಎಂದರು. ಬಿ ಟೀಮಿಗೆ ನೋಡೋಣ, ತಿಳಿಸುತ್ತೇವೆ ಎಂದು ಸಂಜೆಯ ಗಾಡಿಗೆ ಹೊರಟರು.

ಗುಮಾಸ್ತರು ಕೊಡೆ ಮಡಿಸಿಕೊಂಡು ನನ್ನ ಹತ್ತಿರ ಬಂದರು. “ಆಟ ನನಗೇನೂ ತಿಳೀಲಿಲ್ಲ ಮೇಷ್ಟ್ರೇ. ಹುಡುಗ ಒಳ್ಳೆಯವನು.” ನಾನು ಸಂತೋಷ ಎಂದೆ. “ಆದ್ರೂ ಆರ್ಡರ್ ಬರ್ಲಿ” ಎಂದು ಬೇಲೂರಿನ ಬಸ್ಸು ಹಿಡಿದರು.

ಆರ್ಡರ್ ಬರಲಿಲ್ಲ. ಮಳೆಗಾಲ ಬಂದು ಹೋಯಿತು. ರಾಗಿ ತೆನೆ ಕಟ್ಟಿತು. ಬೇಲೂರಿನಿಂದ, ಇನ್ನು ಸಂಕ್ರಾಂತಿಯವರೆಗೆ ಕಾಯುತ್ತೇವೆ ಎಂದು ಹೇಳಿ ಕಳಿಸಿದರು. ಅವನು ಮಂಡಿಗೆ ಹೋಗುವುದು ಬಿಡಲಿಲ್ಲ, ಸಂಜೆ ಮೈದಾನಕ್ಕೆ ಬರುವುದೂ ಬಿಡಲಿಲ್ಲ. ಆ ವಿಷಯ ಎತ್ತಲಿಲ್ಲ. ಮೈ ಮಾತ್ರ ಇಳಿದಿತ್ತು. ರಂಗಪ್ಪ ಕೂಡ ಅವನನ್ನು ಬೈಯುವುದು ಕಡಿಮೆ ಮಾಡಿದ. ಅದು ನಮಗೆಲ್ಲ ಇನ್ನೂ ಕಷ್ಟವಾಯಿತು.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ರಂಗಪ್ಪ ಸ್ಕೂಲಿಗೇ ಓಡಿ ಬಂದ. ಡ್ಯೂಟಿಯ ಬಟ್ಟೆಯಲ್ಲೇ ಇದ್ದ. ಕೈಯಲ್ಲಿ ಲಕೋಟೆ. ನಮ್ಮ ಲೆಫ್ಟ್ ಬ್ಯಾಕಿನ ಸೋದರಮಾವನ ಮನೆಗೆ ಬಂದಿದ್ದನ್ನು ಇಸಿದುಕೊಂಡು ಬಂದಿದ್ದ. ನಾನು ಮಕ್ಕಳನ್ನು ಸಾಲಾಗಿ ಕ್ಲಾಸಿಗೆ ಕಳಿಸಿ ರಂಗಪ್ಪನ ಜೊತೆ ಹೊರಟೆ. ಮಂಡಿಯಲ್ಲಿ ಅವನು ತಕ್ಕಡಿಯ ಮುಂದೆ ನಿಂತಿದ್ದ. ಸುತ್ತ ಕೊಬ್ಬರಿ ಮೂಟೆ, ಮೂಟೆಗಳ ಪಕ್ಕ ರೈತರು.

“ಬಂತು ಕಣ್ಲಾ! ರೈಲ್ವೆ ಕೆಲ್ಸ ಬಂತು!” ರಂಗಪ್ಪನ ಗಂಟಲು ಮತ್ತೆ ಮೊದಲಿನ ಹಾಗಾಗಿತ್ತು.

ಅವನು ತಿರುಗಿ ನೋಡಿದ. ತಕ್ಕಡಿಯ ಮೇಲಿಟ್ಟ ಕೈ ತೆಗೆಯಲಿಲ್ಲ. “ಒಂದ್ ನಿಮಿಷ. ಇವರದು ಅರ್ಧ ಆಗಿದೆ.”

“ಕಾಯಂ ಕೆಲ್ಸ ಕಣ್ಲಾ!”

“ಅವರು ಬಾಣಾವರದಿಂದ ಗಾಡಿ ಕಟ್ಕೊಂಡು ಬಂದಿದಾರೆ ರಂಗಪ್ಪಾ.”

ನಾವಿಬ್ಬರೂ ಮೂಟೆಯ ಮೇಲೆ ಕೂತೆವು. ಅವನು ಆ ರೈತನದು ಪೂರ್ತಿ ತೂಗಿ ಮುಗಿಸಿ, ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದು ಕಾಗದ ತೆಗೆದುಕೊಂಡ. ಓದಿದ. ಮತ್ತೆ ಮೊದಲಿನಿಂದ ಓದಿದ. ಮುಖ ಸ್ವಲ್ಪ ಬಾಡಿತು. ನಾನು ಮೂಟೆಯಿಂದ ಎದ್ದೆ.

“ಏನಾಯ್ತೋ? ಕಾಯಂ ಅಂತ ಇದೆ ತಾನೆ?”

“ಇದೆ ಮೇಷ್ಟ್ರೇ. ಇಂಜಿನ್ ಷೆಡ್ಡಿನಲ್ಲಿ ಖಲಾಸಿ ಕೆಲಸ. ಒಂದನೇ ತಾರೀಕಿಗೆ ಹಾಜರಾಗ್ಬೇಕು.” ಕಾಗದ ತಿರುಗಿಸಿ ಹಿಂಭಾಗವನ್ನೂ ನೋಡಿದ. “ಆಟದ ವಿಷಯ ಎಲ್ಲೂ ಬರೆದಿಲ್ಲವಲ್ಲ? ಆಡೋಕೆ ಬಿಡಲ್ವಾ ಇನ್ನು?”

ರಂಗಪ್ಪ ಹಣೆ ಚಚ್ಚಿಕೊಂಡ. “ಕೇಳಿದ್ರಾ ಮೇಷ್ಟ್ರೇ? ಹೆಣ್ಣು ಸಿಕ್ತು, ಅನ್ನ ಸಿಕ್ತು, ಇವನ ಯೋಚ್ನೆ ನೋಡ್ರಿ! ಲೇ, ನಿನ್ನ ತಗಂಡಿರೋದೇ ಆಡಕ್ಕೆ ಕಣ್ಲಾ. ಷೆಡ್ಡಿನ ಟೀಮು ಒಂದ್ನೇ ತಾರೀಕು ಕಳೆದ ಮೊದ್ಲ ಭಾನುವಾರನೇ ಬೇಲೂರಿಗೆ ಹೋಗ್ತೈತೆ.”

ಅವನು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಬೇಲೂರು ಎಂದ ಕೂಡಲೇ ಹುಡುಗಿಯ ಮನೆಯ ವಿಚಾರ ಏನಾದರೂ ಕೇಳುತ್ತಾನೆ ಎಂದುಕೊಂಡೆ. ಗುಮಾಸ್ತರಿಗೆ ಸುದ್ದಿ ಮುಟ್ಟಿಸುವ ಜವಾಬ್ದಾರಿಯನ್ನು ನಾನೇ ತೆಗೆದುಕೊಳ್ಳಲೂ ಸಿದ್ಧನಾಗಿದ್ದೆ.

“ಬೇಲೂರಿನವರಲ್ಲಿ ಈಗ ರೈಟ್ ವಿಂಗ್ ಯಾರು?” ಎಂದು ಕೇಳಿದ.